ನೆಲಮಾಳಿಗೆಯ ಎರೆತೊಟ್ಟಿ

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಚಳಿಗಾಲ ಬಂತೆಂದರೆ ನೆಲ ಕಲ್ಲಾಗುತ್ತದೆ. ಹಿತ್ತಲಿನ ಗೊಬ್ಬರದ ಗುಡ್ಡೆ ಹೆಪ್ಪುಗಟ್ಟಿ ಕಸ ಕೊಳೆಯುವುದೇ ನಿಂತುಹೋಗುತ್ತದೆ. ಜೀವಶಾಸ್ತ್ರದ ಅಧ್ಯಾಪಕಿ ಮೇರಿ ಆಪಲ್‌ಹಾಫ್ ಅವರಿಗೆ 1972ರಲ್ಲಿ ಎದುರಾದ ತೊಡಕು ಇದೇ. ಬೇಸಿಗೆಯಲ್ಲಿ ತೋಟಕ್ಕೆ ಸೇರುವ ತರಕಾರಿ ಸಿಪ್ಪೆಯನ್ನು ಚಳಿಗಾಲದಲ್ಲಿ ಮಾತ್ರ ಕಸದ ಗಾಡಿಗೆ ಸುರಿಯಲು ಅವರಿಗೆ ಮನಸ್ಸು ಬರಲಿಲ್ಲ. ಮೀನು ಹಿಡಿಯುವವರು ಗಾಳಕ್ಕೆ ಸಿಕ್ಕಿಸುವ ಕೆಂಪು ಎರೆಹುಳುಗಳನ್ನು ತರಿಸಿ, ಮನೆಯ ನೆಲಮಾಳಿಗೆಯಲ್ಲಿ ತೊಟ್ಟಿಯೊಂದರೊಳಗೆ ಬಿಟ್ಟರು.

ಎರೆಹುಳುವನ್ನು ಮನೆಯೊಳಗೆ ಸಾಕಿದವರಲ್ಲಿ ಅವರು ಮೊದಲಿಗರಲ್ಲ. ಚಾರ್ಲ್ಸ್ ಡಾರ್ವಿನ್ ತನ್ನ ಓದುವ ಕೋಣೆಯಲ್ಲೇ ಕುಂಡಗಳಲ್ಲಿ ಸಾಕಿ, ಕೋಸು, ಕ್ಯಾರೆಟ್ ಎಲೆ ಹಾಕಿ, ಯಾವುದನ್ನು ಹೆಚ್ಚು ಇಷ್ಟಪಡುತ್ತವೆ ಎಂದು ನೋಡಿ, 1881ರಲ್ಲಿ ಪುಸ್ತಕವನ್ನೇ ಬರೆದಿದ್ದ. ಡಾರ್ವಿನ್‌ಗೆ ಬೇಕಿದ್ದದ್ದು ಹುಳುವಿನ ನಡವಳಿಕೆ. ಆಪಲ್‌ಹಾಫ್‌ಗೆ ಬೇಕಿದ್ದದ್ದು ಒಂದು ಸಂಸಾರದ ದಿನದ ಕಸವನ್ನು ವರ್ಷಪೂರ್ತಿ ತಿಂದು ಬದುಕುವ ಹುಳು.

ಇಲ್ಲಿ ಹುಳುವಿನ ಜಾತಿಯೇ ಮುಖ್ಯ. ತೋಟದ ಮಣ್ಣಿನಲ್ಲಿ ಆಳಕ್ಕೆ ಬಿಲ ಕೊರೆಯುವ ಹುಳು ತೊಟ್ಟಿಯಲ್ಲಿ ಬಾಳುವುದಿಲ್ಲ. ಅದಕ್ಕೆ ಬೇಕಾದ ಆಳ ಅಲ್ಲಿಲ್ಲ. ಕೆಂಪು ಹುಳು ಐಸೀನಿಯಾ ಫೆಟಿಡಾ ಹುಟ್ಟುವುದು, ಬೆಳೆಯುವುದು, ಮರಿ ಮಾಡುವುದು ಎಲ್ಲ ಸಗಣಿ ರಾಶಿ, ಕೊಳೆತ ಎಲೆಗಳ ಮೇಲ್ಪದರದಲ್ಲೇ. ಆದ್ದರಿಂದ ಒಂದು ಅಡಿ ಆಳದ ಪೆಟ್ಟಿಗೆ ಅದಕ್ಕೆ ಸಾಕು.

ಆಮೇಲಿನದು ಹಾಸಿಗೆಯ ಲೆಕ್ಕ. ಎರೆಹುಳುವಿಗೆ ಶ್ವಾಸಕೋಶವಿಲ್ಲ, ಚರ್ಮದಿಂದಲೇ ಉಸಿರಾಡುತ್ತದೆ. ಚರ್ಮ ಒಣಗಿದರೂ ಸಾವು, ಗಾಳಿಯಾಡದ ಕೆಸರಿನಲ್ಲಿ ಸಿಕ್ಕಿಕೊಂಡರೂ ಸಾವು. ಹಳೆಯ ಪತ್ರಿಕೆಯನ್ನು ಪಟ್ಟಿಪಟ್ಟಿಯಾಗಿ ಹರಿದು, ನೀರಲ್ಲಿ ನೆನೆಸಿ, ಹಿಂಡಿ ಹರವಿದರೆ ತೇವವೂ ಉಳಿಯುತ್ತದೆ, ಗಾಳಿಯೂ ಆಡುತ್ತದೆ. ಹಲ್ಲಿಲ್ಲದ ಈ ಜೀವಿ ತಿಂದದ್ದನ್ನು ಹೊಟ್ಟೆಯೊಳಗೆ ಅರೆಯಲು ಒಂದು ಹಿಡಿ ಮಣ್ಣೂ ಬೇಕು. ಇನ್ನು ಊಟ: ದಿನಕ್ಕೆ ಒಂದು ಪೌಂಡ್ ಕಸಕ್ಕೆ ಎರಡು ಪೌಂಡ್ ಹುಳು ಎಂಬುದು ಆಪಲ್‌ಹಾಫ್ ಹಾಕಿಕೊಟ್ಟ ಅಳತೆ. ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಕೊಡುಗೆ ಇದೇ. ಮನೆಯ ತೊಟ್ಟಿಯಲ್ಲಿ ಹುಳು ಹಸಿವಿನಿಂದ ಸಾಯುವುದು ಅಪರೂಪ. ಅತಿಯಾಗಿ ಸುರಿದ ಕಸ ಹುಳಿತು ಬಿಸಿಯೇರಿದಾಗಲೇ ಹೆಚ್ಚು ಸಾಯುತ್ತವೆ.

1982ರಲ್ಲಿ ಅವರು ಬರೆದ ‘ವರ್ಮ್ಸ್ ಈಟ್ ಮೈ ಗಾರ್ಬೇಜ್’ ಈ ಪೆಟ್ಟಿಗೆಯನ್ನು ಶಾಲೆಗಳಿಗೂ ಅಡುಗೆಮನೆಗಳಿಗೂ ತಲುಪಿಸಿತು. ಆ ಹೊತ್ತಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಮತ್ತು ಸಂಗಡಿಗರೂ ಎರೆಹುಳು ಸಾಕಣೆಯ ಅಧ್ಯಯನದಲ್ಲಿ ತೊಡಗಿದ್ದರು. ಅವರು ಕೆಲಸ ಮಾಡಿದ ಯೂಡ್ರಿಲಸ್ ಯೂಜೀನಿಯೆ ಆಫ್ರಿಕಾ ಮೂಲದ್ದು, ನಮ್ಮ ಸೆಕೆಯನ್ನು ತಡೆದುಕೊಳ್ಳುವಂಥದ್ದು. ಇಂದು ನಮ್ಮ ರೈತರ ಎರೆಗೊಬ್ಬರದ ತೊಟ್ಟಿಗಳಲ್ಲಿ ಹೆಚ್ಚಾಗಿ ಕಾಣುವ ಹುಳುಗಳಲ್ಲಿ ಅದೂ ಒಂದು.

ಮನೆಯಲ್ಲಿ ತೊಟ್ಟಿ ಇಡುವವರು ಹಿತ್ತಲು ಅಗೆದು ಹುಳು ಹಿಡಿಯಬೇಡಿ, ಎರೆಗೊಬ್ಬರ ಮಾಡುವವರಿಂದ ತನ್ನಿ. ಕಲಮಜೂವಿನ ಚಳಿ ನಮಗಿಲ್ಲ, ಆದರೆ ಏಪ್ರಿಲ್ ಬಿಸಿಲು ಇದೆ, ಇರುವೆಗಳೂ ಇವೆ. ತೊಟ್ಟಿಯನ್ನು ನೆರಳಿನಲ್ಲಿಡಿ, ಅದರ ಕಾಲುಗಳ ಕೆಳಗೆ ನೀರು ತುಂಬಿದ ತಟ್ಟೆಗಳನ್ನಿಡಿ, ಹಿಂದೆ ಹಾಕಿದ್ದು ಕರಗುವ ತನಕ ಹೊಸ ಕಸ ಹಾಕಬೇಡಿ.