ಮೂರು ತಾಲ್ಲೂಕು, ಒಂದೇ ಅಳತೆ: ಜೀವವೈವಿಧ್ಯದ ಲೆಕ್ಕ ಹಾಕುವುದು ಹೇಗೆ?

ಬಳ್ಳಾರಿಯಿಂದ ಜೇವರ್ಗಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನು ಒಂದಾದ ಮೇಲೊಂದು ಹಾದುಹೋಗುತ್ತದೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯಿಸಿದಷ್ಟು ಭತ್ತ. ಮಸ್ಕಿಯಲ್ಲಿ ಅಶೋಕನ ಶಾಸನದಿಂದ ಹೆಸರಾದ ಬಂಡೆಗುಡ್ಡ, ಅದರ ಮೈತುಂಬ ಮುಳ್ಳುಕಂಟಿ. ಲಿಂಗಸುಗೂರು ತಾಲ್ಲೂಕಿನ ಕಾಲುವೆ ಮುಟ್ಟದ ಊರುಗಳಲ್ಲಿ ಮಳೆಯನ್ನೇ ನಂಬಿದ ತೊಗರಿ, ಸಜ್ಜೆ, ಜೋಳ. ಜಿಲ್ಲೆ ಒಂದೇ, ಬಿಸಿಲೂ ಹೆಚ್ಚುಕಡಿಮೆ ಒಂದೇ, ನೆಲ ಮಾತ್ರ ಮೂರು ಬಗೆ. ಜೀವವೈವಿಧ್ಯ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಿಲ್ಲ.

ಜೀವವೈವಿಧ್ಯದ ಅಧ್ಯಯನವೆಂದರೆ ಗಿಡ, ಹಕ್ಕಿಗಳ ಹೆಸರಿನ ಪಟ್ಟಿ ಮಾಡುವುದೆಂದೇ ಬಹಳ ಮಂದಿ ತಿಳಿದಿದ್ದಾರೆ. ಪಟ್ಟಿ ಬೇಕೇ ಬೇಕು, ಆದರೆ ಅದು ಅರ್ಧ ಕೆಲಸ. ಆ ಜೀವಿಗಳು ಹೂವಿಗೆ ಪರಾಗ ಮುಟ್ಟಿಸುತ್ತವೆ, ಕಸ ಕೊಳೆಸಿ ಮಣ್ಣಿಗೆ ಸೇರಿಸುತ್ತವೆ, ಬೆಳೆ ತಿನ್ನುವ ಹುಳುಗಳನ್ನು ತಿನ್ನುತ್ತವೆ, ಮಳೆನೀರು ಇಂಗಲು ದಾರಿ ಮಾಡುತ್ತವೆ. ಈ ಕೆಲಸಗಳನ್ನೂ ಅಳೆದಾಗಲೇ ಅಧ್ಯಯನ ಪೂರ್ತಿಯಾಗುವುದು.

ಎರಡಕ್ಕೂ ನಂಟಿದೆಯೇ? ಅಮೆರಿಕದ ಮಿನ್ನೆಸೋಟಾದ ಸೀಡರ್ ಕ್ರೀಕ್‌ನಲ್ಲಿ 1994ರಲ್ಲಿ 168 ಮಡಿಗಳಲ್ಲಿ ಒಂದರಿಂದ ಹದಿನಾರು ಜಾತಿಯವರೆಗೆ ಸಸ್ಯಗಳನ್ನು ಬಿತ್ತಿ ನೋಡಿದರು. ಹೆಚ್ಚು ಜಾತಿಗಳಿದ್ದ ಮಡಿಗಳಲ್ಲಿ ವರ್ಷ ಕಳೆದಂತೆ ಸೊಪ್ಪುಸದೆಯ ಬೆಳವಣಿಗೆಯೂ ಹೆಚ್ಚಿತು. ಆದರೆ ಅಲ್ಲಿ ಮಣ್ಣು ಒಂದೇ ಆಗಿತ್ತು. ನಮ್ಮಲ್ಲಿ ಮಣ್ಣು, ನೀರು, ಗೊಬ್ಬರ, ಔಷಧ ಎಲ್ಲವೂ ಹೊಲದಿಂದ ಹೊಲಕ್ಕೆ ಬೇರೆ. ಹಾಗಾಗಿ ಅಳತೆಯ ಕ್ರಮ ಬಿಗಿಯಾಗಿರಬೇಕು.

ಜಾಗದ ಆಯ್ಕೆ

ಒಂದು ಗದ್ದೆ, ಒಂದು ಗುಡ್ಡ, ಒಂದು ಹೊಲ ನೋಡಿ ತೀರ್ಪು ಕೊಡಬಾರದು. ಪ್ರತಿ ಬಗೆಯ ನೆಲದಲ್ಲಿ ಒಂದಕ್ಕೊಂದು ದೂರವಿರುವ ಕನಿಷ್ಠ ಐದು ಜಾಗಗಳಿರಲಿ. ಚೆನ್ನಾಗಿ ಕಾಣುವ ಮೂಲೆಯನ್ನು ನಾವೇ ಆರಿಸಿಕೊಳ್ಳದೆ, ನಕ್ಷೆಯ ಮೇಲೆ ಚೌಕ ಎಳೆದು ಚೀಟಿ ಎತ್ತಿ ಗೊತ್ತುಮಾಡಬೇಕು. ಎರೆ ಭೂಮಿಯನ್ನು ಎರೆ ಭೂಮಿಯ ಜೊತೆ, ಮಸಾರಿಯನ್ನು ಮಸಾರಿಯ ಜೊತೆ ಹೋಲಿಸಬೇಕು. ಮುಂಗಾರು, ಹಿಂಗಾರು, ಬೇಸಿಗೆ ಮೂರರಲ್ಲೂ ಅದೇ ಜಾಗಕ್ಕೆ ಹೋಗಬೇಕು. ಹೊಲದವರ ಒಪ್ಪಿಗೆ ಮೊದಲು. ಅರಣ್ಯ ಇಲಾಖೆಯ ಜಾಗವಾದರೆ ಇಲಾಖೆಯ ಅನುಮತಿ ಬೇಕು.

ಎಣಿಕೆ

ಹುಲ್ಲು, ಕಳೆಗಳಿಗೆ ಒಂದು ಮೀಟರ್ ಚೌಕ, ಕಂಟಿಗಳಿಗೆ ಐದು ಮೀಟರ್, ಮರಗಳಿಗೆ ಹತ್ತು ಮೀಟರ್ ಚೌಕ ಹಗ್ಗದಿಂದ ಗುರುತಿಸಿ ಒಳಗಿರುವುದನ್ನೆಲ್ಲ ಎಣಿಸಬೇಕು. ಹಕ್ಕಿಗಳಿಗೆ ಬೆಳಗಿನ ಹೊತ್ತು ಒಂದೆಡೆ ನಿಂತು ಹತ್ತು ನಿಮಿಷ ಕಂಡದ್ದು, ಕೇಳಿದ್ದು ಬರೆದುಕೊಳ್ಳುವುದು ಸುಲಭದ ದಾರಿ. ಹೊಸ ಜಾತಿ ಸಿಗುವುದು ನಿಲ್ಲುತ್ತಾ ಬಂದರೆ ಎಣಿಕೆ ಸಾಕಾಯಿತೆಂದು ಅರ್ಥ.

ಎಷ್ಟು ಜಾತಿ ಎನ್ನುವುದರ ಜೊತೆಗೆ ಅವು ಎಷ್ಟು ಸಮನಾಗಿವೆ ಎನ್ನುವುದೂ ಮುಖ್ಯ. ಎರಡು ಕಡೆ ತಲಾ ನೂರು ಹಕ್ಕಿ, ನಾಲ್ಕು ಜಾತಿ ಸಿಕ್ಕವು ಎಂದಿಟ್ಟುಕೊಳ್ಳಿ. ಒಂದು ಕಡೆ ನಾಲ್ಕೂ ಜಾತಿ 25ರಂತೆ. ಇನ್ನೊಂದು ಕಡೆ 97 ಬೆಳ್ಳಕ್ಕಿ, ಉಳಿದವು ಒಂದೊಂದು. ಪಟ್ಟಿಯಲ್ಲಿ ಎರಡೂ ಸಮ. ಜಾತಿಗಳ ಸಂಖ್ಯೆ, ಸಮತೆ ಎರಡನ್ನೂ ಸೇರಿಸಿ ಅಳೆಯುವ ಶಾನನ್ ಸೂಚ್ಯಂಕ ಹಾಕಿದರೆ ಮೊದಲನೆಯದಕ್ಕೆ 1.39, ಎರಡನೆಯದಕ್ಕೆ ಬರೀ 0.17. ಪಟ್ಟಿ ಮುಚ್ಚಿಟ್ಟ ವ್ಯತ್ಯಾಸವನ್ನು ಈ ಅಂಕಿ ಬಯಲು ಮಾಡುತ್ತದೆ.

ಕೆಲಸದ ಅಳತೆ

ಪರಾಗಸ್ಪರ್ಶಕ್ಕೆ ಸೂರ್ಯಕಾಂತಿ ಒಳ್ಳೆಯ ಬೆಳೆ. ಹೂ ಅರಳುವ ಮೊದಲೇ ಹತ್ತು ತೆನೆಗಳಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ, ಪಕ್ಕದ ಹತ್ತನ್ನು ಹಾಗೇ ಬಿಡಬೇಕು. ಮಾಗಿದ ಮೇಲೆ ಎರಡರಲ್ಲೂ ಗಟ್ಟಿಕಾಳು ಎಷ್ಟು, ಜೊಳ್ಳು ಎಷ್ಟು ಎಣಿಸಿದರೆ ಆ ಹೊಲಕ್ಕೆ ಜೇನ್ನೊಣಗಳ ಕೊಡುಗೆ ಎಷ್ಟೆಂದು ತಿಳಿಯುತ್ತದೆ.

ಭತ್ತಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ, ಅದಕ್ಕೆ ಕಾಳು ಕಟ್ಟಲು ಜೇನು ಬೇಕಿಲ್ಲ. ಅಲ್ಲಿ ನೋಡಬೇಕಾದ್ದು ಕೀಟ ತಿನ್ನುವವರನ್ನು. ಗದ್ದೆಯಲ್ಲಿ ಮೂಲೆಯಿಂದ ಮೂಲೆಗೆ ನಡೆದು ಇಪ್ಪತ್ತು ಬುಡಗಳಲ್ಲಿ ಜೇಡ ಎಷ್ಟು, ಕಂದು ಜಿಗಿಹುಳು ಎಷ್ಟು ಎಣಿಸಿ. ಜೊತೆಗೆ ಯಾವ ಔಷಧ, ಯಾವತ್ತು ಹೊಡೆದದ್ದು ಎಂದು ರೈತರಿಂದಲೇ ಕೇಳಿ ಬರೆದುಕೊಳ್ಳಿ. ಔಷಧ ಹೊಡೆದಷ್ಟೂ ಜೇಡಗಳು ಸತ್ತು ಜಿಗಿಹುಳು ಹೆಚ್ಚಿದ್ದನ್ನು ಕಂಡೇ ಇಂಡೋನೇಷ್ಯಾ 1986ರಲ್ಲಿ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿತು.

ಕೊಳೆಯುವಿಕೆಗೆ ನೈಲಾನ್ ಜಾಲರಿಯ ಚೀಲ ಸಾಕು. ಹತ್ತು ಗ್ರಾಂ ಒಣ ಜೋಳದ ಕಣಿಕೆ ತುಂಬಿ, ಎಲ್ಲ ಜಾಗಗಳಲ್ಲೂ ಒಂದೇ ಆಳಕ್ಕೆ ಹೂತು, ಮೂರು ತಿಂಗಳ ಮೇಲೆ ತೆಗೆದು ತೊಳೆದು ಒಣಗಿಸಿ ತೂಗಬೇಕು. ತೂಕ ಎಷ್ಟು ಇಳಿದಿದೆಯೋ ಮಣ್ಣಿನ ಜೀವಿಗಳು ಅಷ್ಟು ದುಡಿದಿವೆ.

ನೀರಿಂಗುವುದಕ್ಕೆ ಅಗಲ ಪೈಪಿನ ತುಂಡನ್ನು ನೆಲಕ್ಕೆ ಬಡಿದು, ಅಳೆದ ನೀರು ಹಾಕಿ ಗಡಿಯಾರ ನೋಡಬೇಕು. ಇಲ್ಲೊಂದು ಎಚ್ಚರ: ಬೇಸಿಗೆಯಲ್ಲಿ ಎರೆ ಭೂಮಿ ಬಿರುಕು ಬಿಟ್ಟಿರುತ್ತದೆ, ನೀರು ಬಿರುಕಿನಲ್ಲಿ ಸರ್ರನೆ ಇಳಿದುಬಿಡುತ್ತದೆ. ಅದನ್ನು ಮಣ್ಣಿನ ಗುಣವೆಂದು ಬರೆಯಬಾರದು. ಮಳೆ ಬಿದ್ದು ಬಿರುಕು ಮುಚ್ಚಿದ ಮೇಲಿನ ಅಳತೆಯೇ ಹೋಲಿಕೆಗೆ ಸರಿ.

ಹೋಲಿಕೆಯಲ್ಲಿ ನ್ಯಾಯ

ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ ಯಾವ ನೆಲ ಗೆದ್ದಿತು ಎಂದು ಕೇಳುವ ಆಸೆಯಾಗುತ್ತದೆ. ಅದು ತಪ್ಪು ಪ್ರಶ್ನೆ. ಗದ್ದೆಯಲ್ಲಿ ನೀರಹಕ್ಕಿ ಹೆಚ್ಚೆಂದು ಗುಡ್ಡ ಕೀಳಲ್ಲ. ಸರ್ಕಾರಿ ಕಡತಗಳಲ್ಲಿ ಇಂಥ ಕುರುಚಲು, ಹುಲ್ಲುಗಾವಲುಗಳು ಎಷ್ಟೋ ಕಡೆ ಪಾಳುಭೂಮಿ ಎಂದೇ ದಾಖಲಾಗಿವೆ. ಹಸಿರು ಮಾಡುತ್ತೇವೆಂದು ಅಲ್ಲಿ ಗುಂಡಿ ತೋಡಿ ಹೊರಗಿನ ಸಸಿ ನೆಟ್ಟರೆ ಬಯಲು, ಬಿಸಿಲು ಬೇಡುವ ಹುಲ್ಲು, ಹಕ್ಕಿಗಳೇ ನೆಲೆ ಕಳೆದುಕೊಳ್ಳುತ್ತವೆ. ಕೇಳಬೇಕಾದ ಪ್ರಶ್ನೆ ಬೇರೆ: ಇದೇ ಬಗೆಯ ನೆಲದಲ್ಲಿ ಚೆನ್ನಾಗಿ ಉಳಿದ ಜಾಗಕ್ಕೂ ಕೆಟ್ಟ ಜಾಗಕ್ಕೂ ಅಂತರ ಎಷ್ಟು? ಸವಳು ಹತ್ತಿದ ಗದ್ದೆಯನ್ನು ಸವಳಿಲ್ಲದ ಗದ್ದೆಯೊಂದಿಗೆ, ಬಳ್ಳಾರಿ ಜಾಲಿ ತುಂಬಿದ ಗುಡ್ಡವನ್ನು ಅದಿಲ್ಲದ ಗುಡ್ಡದೊಂದಿಗೆ ಹೋಲಿಸಿದಾಗಲೇ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಈ ಲೆಕ್ಕ ಕಾಲೇಜಿನ ಕಪಾಟಿನಲ್ಲಿ ಉಳಿಯಬಾರದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಅಧ್ಯಾಪಕರು, ವಿದ್ಯಾರ್ಥಿಗಳು ತಮ್ಮೂರ ಪಂಚಾಯ್ತಿಗೆ ಹೋಗಿ ಆ ದಾಖಲಾತಿಯನ್ನು ಕೇಳಿ ನೋಡಿ. ಅದರಲ್ಲಿ ಹೆಸರುಗಳಷ್ಟೇ ಇದ್ದರೆ, ಆ ಜೀವಿಗಳು ಮಾಡುವ ಕೆಲಸದ ಅಳತೆಯನ್ನೂ ಸೇರಿಸಿಕೊಡಿ.