ಕರೆಂಟ್ ಬಂದಾಗ ಎಬ್ಬಿಸುವ ದನಿ

ಯರಗಟ್ಟಿ ಸುತ್ತಲಿನ ಕಬ್ಬಿನ ಹೊಲಗಳಲ್ಲಿ ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗಾಗಿ ಕಾದು ಕೂರುವುದು ಹೊಸ ಮಾತಲ್ಲ. ಹನ್ನೊಂದಕ್ಕೆ ಬರಬೇಕಾದದ್ದು ಒಂದಕ್ಕೆ ಬರುತ್ತದೆ, ನಡುವೆ ಹೋಗುತ್ತದೆ, ಮತ್ತೆ ಯಾವಾಗಲೋ ಬರುತ್ತದೆ. ಆಟೋ ಸ್ಟಾರ್ಟರ್ ಇದ್ದರೆ ಮೋಟರೇನೋ ತಾನೇ ಚಾಲೂ ಆಗುತ್ತದೆ. ಆದರೆ ಒಂದು ಮಡಿ ತುಂಬಿದ ಮೇಲೆ ಮಣ್ಣು ಸರಿಸಿ ನೀರನ್ನು ಮುಂದಿನ ಸಾಲಿಗೆ ತಿರುಗಿಸಲು ಸಲಿಕೆ ಹಿಡಿದ ಮನುಷ್ಯನೇ ಬೇಕು. ನಡುರಾತ್ರಿಯವರೆಗೆ ಕಣ್ಣು ಬಿಟ್ಟುಕೊಂಡಿದ್ದು, ಇನ್ನು ಆಗದು ಎಂದು ಮಲಗಿದವನನ್ನು ಎಬ್ಬಿಸುವುದು ಹೇಗೆ?

ಅದಕ್ಕೆ ಹೊಲದಲ್ಲೇ ಹುಟ್ಟಿದ ಉಪಾಯಗಳಿವೆ. ಪಂಪಿನ ಲೈನಿಗೆ ಒಂದು ಬಲ್ಬ್ ಸಿಕ್ಕಿಸಿ ಅದರ ಕೆಳಗೇ ಮಲಗುವುದು ಒಂದು. ಪ್ಲೇ ಬಟನ್ ಒತ್ತಿಟ್ಟ ಟೇಪ್ ರೆಕಾರ್ಡರನ್ನು ಅದೇ ಲೈನಿಗೆ ಜೋಡಿಸುವುದು ಇನ್ನೊಂದು. ಕರೆಂಟ್ ಬಂದ ಕೂಡಲೇ ನಿಂತಲ್ಲಿಂದ ಹಾಡು ಶುರು. ಎಲ್ಲಕ್ಕಿಂತ ಹಳೆಯದು, ಯಾರಾದರೂ ಬಂದು ಕೂಗುವುದು: "ಏ ಬಸ್ಯಾ, ಕರೆಂಟ್ ಬಂದೈತಿ, ಏಳೋ!" ಈ ಮೂರರಲ್ಲಿ ಗಾಢ ನಿದ್ದೆಯನ್ನು ಒಡೆಯಬಲ್ಲದ್ದು ಯಾವುದು? ಇದಕ್ಕೆ ಉತ್ತರ ಸಿಕ್ಕಿದ್ದು ಬೆಂಕಿಯಿಂದ ಜೀವ ಉಳಿಸುವ ಗಂಟೆಯನ್ನು ಪರೀಕ್ಷಿಸುತ್ತಿದ್ದವರಿಗೆ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ವಿಕ್ಟೋರಿಯಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಡೊರೊತಿ ಬ್ರಕ್ ಒಂದು ಸರಳ ಪ್ರಶ್ನೆ ಹಿಡಿದು ಹೊರಟರು. ಮನೆಯಲ್ಲಿ ಹೊಗೆ ಕಂಡರೆ ಕಿರುಚುವ ಅಲಾರಂ ಮಲಗಿದ ಮಕ್ಕಳನ್ನು ನಿಜಕ್ಕೂ ಎಬ್ಬಿಸುತ್ತದೆಯೇ? 1999ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಎದೆ ನಡುಗಿಸುವಂಥದು. ಮಕ್ಕಳ ಕಿವಿಗೆ 60 ಡೆಸಿಬೆಲ್ ಮುಟ್ಟುವಂತೆ ಮೂರು ನಿಮಿಷ ಅಲಾರಂ ಕೂಗಿಸಿದರೂ, 6ರಿಂದ 17 ವಯಸ್ಸಿನ 20 ಮಕ್ಕಳಲ್ಲಿ 17 ಮಂದಿ ಒಂದು ಸಲವಾದರೂ ಏಳದೆ ಮಲಗಿಯೇ ಇದ್ದರು.

ಸದ್ದು ಸಾಲಲಿಲ್ಲವೇ? ಮೊದಲು ಯಾರಿಗಾದರೂ ಹೊಳೆಯುವುದು ಅದೇ. ಹಾಗಾಗಿ 2004ರ ಪರೀಕ್ಷೆಯಲ್ಲಿ ಬ್ರಕ್ ಮತ್ತು ಸಂಗಡಿಗರು ಸದ್ದನ್ನು 89 ಡೆಸಿಬೆಲ್‌ಗೆ ಏರಿಸಿದರು. ಜೊತೆಗೆ ಬೇರೆ ಬೇರೆ ದನಿಗಳನ್ನೂ ಇಟ್ಟರು: ತಾಯಿ ಮಗುವಿನ ಹೆಸರು ಹಿಡಿದು ಕರೆಯುವುದು, ಅಪರಿಚಿತ ನಟಿಯೊಬ್ಬಳು ಎಚ್ಚರಿಸುವುದು, ಕೆಳಸ್ವರದ ಬೀಪ್, ಮತ್ತು ಎಂದಿನ ಕೀರಲು ಅಲಾರಂ. 6ರಿಂದ 10 ವಯಸ್ಸಿನ ಮಕ್ಕಳಲ್ಲಿ ಕೀರಲು ಅಲಾರಮಿಗೆ ಎದ್ದವರು ಶೇ. 57. ಉಳಿದ ಮೂರಕ್ಕೂ ಶೇ. 94ಕ್ಕೆ ಕಡಿಮೆಯಿಲ್ಲದಷ್ಟು ಮಕ್ಕಳು ಎದ್ದರು.

ತಾಯಿಯ ದನಿ ಗೆದ್ದದ್ದು ಯಾರಿಗೂ ಅಚ್ಚರಿಯಲ್ಲ. ನಿದ್ದೆಯಲ್ಲೂ ಮಿದುಳು ತನ್ನ ಹೆಸರನ್ನು ಗುರುತಿಸುತ್ತದೆ ಎಂದು ಇಯಾನ್ ಆಸ್ವಾಲ್ಡ್ 1960ರಲ್ಲೇ ತೋರಿಸಿದ್ದರು. ಅಚ್ಚರಿಯೆಂದರೆ ಅಪರಿಚಿತಳ ದನಿ, ಅಷ್ಟೇಕೆ, ಬರಿಯ ಕೆಳಸ್ವರದ ಬೀಪ್ ಕೂಡ ತಾಯಿಗೆ ಸರಿಸಮನಾಗಿ ನಿಂತದ್ದು. ಮುಂದೆ ಅಮೆರಿಕದ ಓಹಾಯೋದಲ್ಲಿ ಗ್ಯಾರಿ ಸ್ಮಿತ್ ಮತ್ತು ತಂಡದವರು 176 ಮಕ್ಕಳ ಮೇಲೆ ಪರೀಕ್ಷಿಸಿ 2018ರಲ್ಲಿ ವರದಿ ಮಾಡಿದಾಗ ವಿಷಯ ಇನ್ನೂ ನಿಚ್ಚಳವಾಯಿತು. ತಾಯಿಯ ದನಿಗೆ ಮಕ್ಕಳು ಏಳಲು ಹಿಡಿದ ಮಧ್ಯಾಂಕ ಸಮಯ 2 ಸೆಕೆಂಡ್, ಕೀರಲು ಅಲಾರಮಿಗೆ 156 ಸೆಕೆಂಡ್. ಆದರೆ ತಾಯಿ ಹೆಸರು ಹಿಡಿದು ಕರೆದರೂ ಅಷ್ಟೇ, ಹೆಸರಿಲ್ಲದೆ 'ಏಳು' ಎಂದರೂ ಅಷ್ಟೇ. ನನಗೆ ಈ ಇಡೀ ಕತೆಯಲ್ಲಿ ಬಹಳ ಹಿಡಿಸುವ ತಿರುವು ಇದು. ನಾವು ಮಮತೆಗೆ ಜಮಾ ಮಾಡುತ್ತಿದ್ದ ಶಕ್ತಿಯಲ್ಲಿ ದೊಡ್ಡ ಪಾಲು ಸ್ವರದ್ದಾಗಿತ್ತು.

ಹಾಗಾದರೆ ಯಾವ ಸ್ವರ? ಎಂದಿನ ಹೊಗೆ ಅಲಾರಂ ಕೂಗುವುದು ಸುಮಾರು 3,100 ಹರ್ಟ್ಜ್‌ನಲ್ಲಿ. ಬ್ರಕ್ ಮತ್ತು ಇಯಾನ್ ಥಾಮಸ್ ಕೊನೆಗೆ ಮುಟ್ಟಿದ್ದು 520 ಹರ್ಟ್ಜ್‌ನ ಚೌಕ ತರಂಗವನ್ನು. ಚೌಕ ತರಂಗ ಒಂಟಿ ಸ್ವರವಲ್ಲ. 520ರ ಜೊತೆಗೆ ಅದರ ಮೂರು ಪಟ್ಟು, ಐದು ಪಟ್ಟು ಹೀಗೆ ಮೇಲಿನ ಸ್ವರಗಳೂ ಸೇರಿರುತ್ತವೆ. ಮನುಷ್ಯನ ದನಿಯೂ ಇದೇ ರೀತಿ ಹಲವು ಸ್ವರಗಳ ಕೂಟ, ಕಿವಿಯೊಳಗೆ ಒಂದೇ ಜಾಗಕ್ಕಲ್ಲ, ಹಲವು ಜಾಗಕ್ಕೆ ಒಟ್ಟಿಗೆ ತಾಗುತ್ತದೆ. 2007ರಲ್ಲಿ ಕಿವಿ ಮಂದವಿರುವ ವಯಸ್ಕರ ಮೇಲೆ ಪರೀಕ್ಷಿಸಿದಾಗ 75 ಡೆಸಿಬೆಲ್‌ನ ಈ ಸದ್ದಿಗೆ ಶೇ. 92 ಮಂದಿ ಎದ್ದರು, ಕೀರಲು ಸದ್ದಿಗೆ ಶೇ. 56. ಮಿಣುಕುವ ಪ್ರಖರ ಬೆಳಕಿಗೆ ಎದ್ದವರು ಶೇ. 27 ಮಾತ್ರ. ಹಾಸಿಗೆ ನಡುಗಿಸುವ ಸಾಧನ ಸದ್ದಿನ ಹತ್ತಿರ ಹತ್ತಿರ ಬಂತು.

ಈ ಅಂಕಿಗಳನ್ನು ಹಿಡಿದು ಹೊಲಕ್ಕೆ ಬಂದರೆ ಬಲ್ಬ್‌ನ ಉಪಾಯ ಸೋಲುತ್ತದೆ. ಟೇಪ್ ರೆಕಾರ್ಡರ್ ಜೋಡಿಸಿದವನ ಯೋಚನೆಯೇ ಸರಿ: ಹಾಡಿನಲ್ಲಿ ಮನುಷ್ಯನ ದನಿಯಿದೆ, ಕೆಳಸ್ವರವಿದೆ. ತಡವಾಗಿ ಮಲಗಿದವನಿಗೆ ಇದು ಇನ್ನೂ ಮುಖ್ಯ. ಅತ್ಯಂತ ಗಾಢ ನಿದ್ದೆ ಬರುವುದು ನಿದ್ದೆಯ ಮೊದಲ ಮೂರನೇ ಒಂದು ಪಾಲಿನಲ್ಲಿ. ನಿದ್ದೆಗೆಟ್ಟಷ್ಟೂ ಅದು ಆಳವಾಗುತ್ತದೆ. ಹನ್ನೆರಡೂವರೆಗೆ ಮಲಗಿದವನಿಗೆ ಒಂದೂವರೆಗೆ ಕರೆಂಟ್ ಬಂದರೆ, ಎಬ್ಬಿಸಲು ಅದಕ್ಕಿಂತ ಕಷ್ಟದ ಹೊತ್ತು ಇನ್ನೊಂದಿಲ್ಲ.

ಅಮೆರಿಕದಲ್ಲಿ ಹೋಟೆಲಿನಂಥ ಕಡೆ ಜನ ಮಲಗುವ ಕೋಣೆಗಳ ಬೆಂಕಿ ಗಂಟೆ 520 ಹರ್ಟ್ಜ್‌ನದೇ ಆಗಿರಬೇಕೆಂಬ ನಿಯಮ 2014ರ ಜನವರಿ 1ರಿಂದ ಬಂದಿದೆ. ಮನೆಯ ಅಲಾರಮುಗಳು ಮಾತ್ರ ಹೆಚ್ಚಾಗಿ ಈಗಲೂ ಕೀರಲೇ. ಕಾರಣ ಬ್ಯಾಟರಿ: ಚಿಕ್ಕ ಪೀಜೋ ಬಜರ್ ಅತಿ ಕಡಿಮೆ ವಿದ್ಯುತ್ತಿನಲ್ಲಿ ಜೋರಾಗಿ ಕೂಗಬಲ್ಲದ್ದು 3,000 ಹರ್ಟ್ಜ್ ಆಸುಪಾಸಿನಲ್ಲೇ. ಕೆಳಸ್ವರಕ್ಕೆ ಸ್ಪೀಕರ್ ಬೇಕು, ಹೆಚ್ಚು ಕರೆಂಟ್ ಬೇಕು.

ಪಂಪ್‌ಸೆಟ್ಟಿನ ಬಳಿ ಆ ಕೊರತೆಯಿಲ್ಲ. ಎಬ್ಬಿಸಬೇಕಾದ ಗಳಿಗೆಯಲ್ಲೇ ಲೈನಿನಲ್ಲಿ ಕರೆಂಟ್ ಬಂದು ನಿಂತಿರುತ್ತದೆ. ಸ್ಟಾರ್ಟರ್ ಡಬ್ಬಿ ತಯಾರಿಸುವವರು ಅದರಲ್ಲಿ 520 ಹರ್ಟ್ಜ್‌ನ ಒಂದು ಪುಟ್ಟ ಸ್ಪೀಕರ್ ಕೂರಿಸಿ, ಮಲಗುವ ಜಾಗಕ್ಕೆ ವೈರ್ ಎಳೆಯಲು ಎರಡು ಟರ್ಮಿನಲ್ ಕೊಟ್ಟರೆ ಸಾಕು. ಅಲ್ಲಿಯವರೆಗೆ ಮೊಬೈಲಿನ ಅಲಾರಮಿಗೆ ಟಿಕ್‌ಟಿಕ್ ಬೀಪ್ ಬಿಟ್ಟು, ಮನೆಯವರ ದನಿಯನ್ನೇ ರೆಕಾರ್ಡ್ ಮಾಡಿ ಹಾಕಿಕೊಳ್ಳಬಹುದು. ಅದಕ್ಕೆ ಖರ್ಚೇನೂ ಇಲ್ಲ.