ಮೇಣದ ಬತ್ತಿಯ ಪಾಠ

ವಿಜ್ಞಾನಿಯಾದವನು ಜನಸಾಮಾನ್ಯರಿಗಾಗಿ ಲೇಖನಿ ಹಿಡಿಯುವುದೇಕೆ? ಮೈಕೇಲ್ ಫ್ಯಾರಡೆಯ ಬಾಳನ್ನು ನೋಡಿ. ಕಮ್ಮಾರನ ಮಗನಾದ ಆತನು ಲಂಡನ್ನಿನಲ್ಲಿ ರಟ್ಟು ಕಟ್ಟುವ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿದನು. ಜೇನ್ ಮಾರ್ಸೆಟ್ ಎಂಬಾಕೆ ಸಂಭಾಷಣೆಯ ರೂಪದಲ್ಲಿ ಬರೆದ ರಸಾಯನಶಾಸ್ತ್ರವು ಅವನ ಕಣ್ಣು ತೆರೆಯಿಸಿತು. ಮನೆಯಲ್ಲಿ ಓದು ಬಲ್ಲವರಿಲ್ಲದ ನಮ್ಮಂಥವರಿಗೆ ಇದರ ಬೆಲೆ ಗೊತ್ತು. ಆ ಋಣ ತೀರಿಸುವನೋ ಎಂಬಂತೆ, 1860–61ರ ಕ್ರಿಸ್ಮಸ್ ಸಮಯದಲ್ಲಿ ಅವನು ಮಕ್ಕಳ ಮುಂದೆ ಮೇಣದ ಬತ್ತಿಯೊಂದನ್ನು ಹಚ್ಚಿ ಆರು ಉಪನ್ಯಾಸ ಕೊಟ್ಟನು.

ಉರಿಯ ಸುತ್ತ ಮೇಲೇರುವ ಗಾಳಿಯು ಮೇಣದ ಅಂಚನ್ನು ತಣ್ಣಗಿರಿಸುವುದರಿಂದ ನಡುವೆ ಬಟ್ಟಲು ಮೂಡುತ್ತದೆ. ಕರಗಿದ ಮೇಣ ಒಳಗಿನ ನೂಲನ್ನೇರಿ ಆವಿಯಾಗಿ ಉರಿಯುತ್ತದೆ. ಇಷ್ಟನ್ನೂ ಒಂದೇ ಬತ್ತಿಯಲ್ಲಿ ತೋರಿಸಿದ್ದು ಕಲೆಯೇ ಸರಿ. ಆದರೆ ಕವಿಯ ದೀಪ ಅವನಿಷ್ಟದಂತೆ ಉರಿದೀತು. ಫ್ಯಾರಡೆಯದು ನಮ್ಮ ಮನೆಯಲ್ಲೂ ಹಾಗೆಯೇ ಉರಿಯಬೇಕು. ಹಚ್ಚಿ ನೋಡಿದೆನು, ಬಟ್ಟಲು ಮೂಡಿತು.